ಪಂಪಿನ ಡಬ್ಬದ ಮೇಲಿನ ಹೆಡ್ಡು, ನೀರು: ಎರಡೂ ಒಟ್ಟಿಗೆ ಯಾಕೆ ಸಿಗುವುದಿಲ್ಲ?

ಪ್ರಶ್ನೆ: ಅಡಿಕೆ ತೋಟಕ್ಕೆ ಹೊಸ 5 ಎಚ್‌ಪಿ ಮೋನೊಬ್ಲಾಕ್ ಪಂಪ್ ತಂದೆವು. ಡಬ್ಬದ ಮೇಲೆ ‘ಹೆಡ್ 40 ಮೀಟರ್, ನೀರು ಸೆಕೆಂಡಿಗೆ 10 ಲೀಟರ್’ ಎಂದಿದೆ. ನಮ್ಮ ಟ್ಯಾಂಕ್ ಕೆರೆಯ ನೀರಿಗಿಂತ 24 ಮೀಟರ್ ಮೇಲಿದೆ, ಅಷ್ಟೇ. 2 ಇಂಚಿನ ಪೈಪು, 300 ಅಡಿ ಉದ್ದ. ಆದರೂ 200 ಲೀಟರಿನ ಡ್ರಮ್ಮು ತುಂಬಲು 40 ಸೆಕೆಂಡ್ ಬೇಕು. ಅಂಗಡಿಯವರು ನಮಗೆ ಟೋಪಿ ಹಾಕಿದರಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಟೋಪಿ ಅಲ್ಲ, ಆದರೆ ಅರ್ಧ ಕಥೆ ಮಾತ್ರ ಹೇಳಿದ್ದಾರೆ. ಹೆಡ್ಡು ಎಂದರೆ ಪಂಪಿನ ಒತ್ತಡ ನೀರನ್ನು ಎಷ್ಟು ಮೀಟರ್ ಎತ್ತಬಲ್ಲದು ಎಂಬ ಲೆಕ್ಕ. ಎಷ್ಟು ನೀರಿಗೆ ಎಷ್ಟು ಹೆಡ್ಡು ಎಂದು ಗ್ರಾಫಿನಲ್ಲಿ ಗೆರೆ ಎಳೆದರೆ, ಆ 40 ಮತ್ತು 10 ಒಂದೇ ಗೆರೆಯ ಎರಡು ತುದಿಗಳು. 40 ಮೀಟರ್ ಎನ್ನುವುದು ವಾಲ್ವ್ ಪೂರ್ತಿ ಮುಚ್ಚಿ, ಒಂದು ಹನಿಯೂ ಹರಿಯದಿದ್ದಾಗ ಪಂಪು ಕೊಡುವ ಒತ್ತಡ. ನೀರು ಹರಿಯಲು ಶುರುವಾದ ಕೂಡಲೇ ಹೆಡ್ಡು ಇಳಿಯುತ್ತದೆ. ನಿಮ್ಮಂಥ ಪಂಪಿನಲ್ಲಿ 5 ಲೀಟರಿಗೆ ಸುಮಾರು 35 ಮೀಟರ್, 7 ಲೀಟರಿಗೆ 30, 10 ಲೀಟರಿಗೆ ಬರೀ 19 ಹೀಗೆ ಇರುತ್ತದೆ. ಕಂಪನಿಯ ಕ್ಯಾಟಲಾಗಿನಲ್ಲಿ ಈ ಗೆರೆ, ಅಂದರೆ ಕರ್ವ್, ಇದ್ದೇ ಇರುತ್ತದೆ, ಕೇಳಿ ಪಡೆಯಿರಿ.

ಈಗ ನಿಮ್ಮ ಪೈಪಿನ ಕಡೆ ನೋಡಿ. 24 ಮೀಟರ್ ಎತ್ತರವಂತೂ ಹೇಗೂ ಏರಲೇಬೇಕು. ಅದರ ಮೇಲೆ ಪೈಪಿನೊಳಗಿನ ತಿಕ್ಕಾಟಕ್ಕೂ ಹೆಡ್ಡು ಖರ್ಚಾಗುತ್ತದೆ. 300 ಅಡಿ ಉದ್ದದ 2 ಇಂಚು ಪೈಪಿನಲ್ಲಿ 5 ಲೀಟರ್ ಹರಿದರೆ ಅದು ಸುಮಾರು 11 ಮೀಟರ್. ಒಟ್ಟು 35! ಪಂಪಿನ ಗೆರೆ, ಪೈಪಿನ ಗೆರೆ ಕೂಡುವ ಜಾಗ ಅದೇ, ನಿಮ್ಮ ಡ್ರಮ್ಮು ಹೇಳುತ್ತಿರುವುದೂ ಅದನ್ನೇ.

ಇನ್ನೂ ದೊಡ್ಡ ಪಂಪು ಹಾಕಿ ಎಂದು ಯಾರಾದರೂ ಹೇಳಿದರೆ ಸ್ವಲ್ಪ ತಡೆಯಿರಿ. ನೀರು ಎರಡು ಪಟ್ಟಾದರೆ ತಿಕ್ಕಾಟ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ, ಹಾಗಾಗಿ ಇದೇ ಪೈಪಿನಲ್ಲಿ 7 ಲೀಟರ್ ಬೇಕೆಂದರೆ 45 ಮೀಟರ್ ಹೆಡ್ಡು, ಅಂದರೆ 7.5 ಎಚ್‌ಪಿ ಮೋಟಾರೇ ಬೇಕಾದೀತು. ಬದಲಿಗೆ ಪೈಪನ್ನು ಎರಡೂವರೆ ಇಂಚು ಮಾಡಿ. ಅಷ್ಟೇ ನೀರಿಗೆ ತಿಕ್ಕಾಟ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಈಗಿನ ಪಂಪೇ 7 ಲೀಟರಿನ ಹತ್ತಿರ ಕೊಡುತ್ತದೆ. ಪೈಪಿಗೆ ಒಂದೇ ಸಲ ಖರ್ಚು, ಕರೆಂಟಿಗೆ ಹಾಗಲ್ಲ. ಇಂಥ ಪಂಪುಗಳ ಎಫಿಷಿಯೆನ್ಸಿ (ಕರೆಂಟಿಗೆ ತಕ್ಕ ಕೆಲಸ ಎಷ್ಟು ಎಂಬ) ಗೆರೆಯ ಗುಡ್ಡೆಯೂ ಸಾಮಾನ್ಯವಾಗಿ ನಡುವಿನಲ್ಲೇ ಇರುತ್ತದೆ. ಆ ಗುಡ್ಡೆಯ ನೆತ್ತಿಯ ಆಸುಪಾಸಿನಲ್ಲಿ ಓಡಿಸಿದರೆ ಬೇರಿಂಗು, ಸೀಲು ಜಾಸ್ತಿ ದಿನ ಬರುತ್ತವೆ.

ಪ್ರಶ್ನೆ: ಎತ್ತರದ ಟ್ಯಾಂಕಿಗೆ ನೀರು ಎತ್ತುವಾಗ ನಮ್ಮ ಮೋಟಾರ್ ಸುಮ್ನೆ ಓಡುತ್ತದೆ. ಅದೇ ನೀರನ್ನು ಕೆಳಗಿನ ಗದ್ದೆಗೆ ಬಿಟ್ಟರೆ ಬಿಸಿಯಾಗಿ ಸ್ಟಾರ್ಟರ್ ಟ್ರಿಪ್ ಆಗುತ್ತದೆ. ಅದು ಹಗುರ ಕೆಲಸ ಅಲ್ವಾ?
– ಓದುಗರೊಬ್ಬರು, ಶಿರಸಿ

ಉತ್ತರ: ನಮಗೆ ಹಗುರ ಎನಿಸುತ್ತದೆ, ಮೋಟಾರಿಗೆ ಅಲ್ಲ. ಕರ್ವ್ ಹಾಳೆಯಲ್ಲಿ ಪವರಿನ ಗೆರೆ ನೋಡಿ: ಸಾಮಾನ್ಯ ಸೆಂಟ್ರಿಫ್ಯೂಗಲ್ (ಚಕ್ರ ತಿರುಗಿಸಿ ನೀರು ನೂಕುವ) ಪಂಪಿನಲ್ಲಿ ನೀರು ಜಾಸ್ತಿಯಾದಂತೆ ಅದು ಮೇಲೇರುತ್ತದೆ. ಎತ್ತರ ಕಡಿಮೆಯಾದಾಗ ನೀರು ಹೆಚ್ಚು ಹರಿಯುತ್ತದೆ, ಆಂಪ್ಸೂ ಏರುತ್ತದೆ. ಡೆಲಿವರಿ ಕಡೆಯ ಗೇಟ್‌ವಾಲ್ವನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ ಆಮೀಟರ್ ನೋಡಿ. ನೇಮ್‌ಪ್ಲೇಟಿನ ಆಂಪ್ಸಿಗಿಂತ ಕೆಳಗೆ ಬಂದಾಗ ನಿಲ್ಲಿಸಿ. ವಾಲ್ವ್ ಮುಚ್ಚಿದರೆ ಮೋಟಾರ್ ಸುಟ್ಟುಹೋಗುತ್ತದೆ ಎಂಬ ಮಾತು ಊರೂರಲ್ಲಿ ಇದೆ, ಈ ಪಂಪಿನ ಮಟ್ಟಿಗೆ ಅದು ಉಲ್ಟಾ. ಆದರೆ ಪೂರ್ತಿ ಮುಚ್ಚಿ ತುಂಬಾ ಹೊತ್ತು ಓಡಿಸಬೇಡಿ, ಒಳಗಿನ ನೀರೇ ಕಾದುಹೋಗುತ್ತದೆ. ಪಿಸ್ಟನ್ ಪಂಪಿಗಂತೂ ಈ ಪ್ರಯೋಗ ಬೇಡವೇ ಬೇಡ.

ಪ್ರಶ್ನೆ: ಹೆಡ್ಡು ಹೇಗೂ ಸಾಕಷ್ಟಿದೆ. ಪಂಪನ್ನು ನೀರಿನಿಂದ 9 ಮೀಟರ್ ಮೇಲೆ, ಶೆಡ್ಡಿನಲ್ಲೇ ಇಡಬಹುದಾ?
– ಓದುಗರೊಬ್ಬರು, ಬೆಂಗಳೂರು ಗ್ರಾಮಾಂತರ

ಉತ್ತರ: ಆಗುವುದಿಲ್ಲ. ಪಂಪು ನೀರನ್ನು ಎಳೆಯುವುದಿಲ್ಲ, ಹೊರಗಿನ ಗಾಳಿಯ ಒತ್ತಡ ನೀರನ್ನು ಅದರೊಳಗೆ ನೂಕುತ್ತದೆ. ಆ ಒತ್ತಡ ಸಮುದ್ರ ಮಟ್ಟದಲ್ಲಿ ಸುಮಾರು 10.3 ಮೀಟರ್ ನೀರಿಗೆ ಸಮ, ನಿಮ್ಮ ಕಡೆಯ 900 ಮೀಟರ್ ಎತ್ತರದಲ್ಲಿ 9.3ರ ಹತ್ತಿರ. ಅದರಲ್ಲಿ ಫುಟ್‌ವಾಲ್ವು, ಸಕ್ಷನ್ ಪೈಪಿನ ತಿಕ್ಕಾಟ, ಜೊತೆಗೆ ಕರ್ವ್ ಹಾಳೆಯಲ್ಲಿ ‘ಎನ್‌ಪಿಎಸ್‌ಎಚ್’ ಎಂದು ಬರೆದಿರುವಷ್ಟನ್ನು (ಪಂಪಿನ ಬಾಯಲ್ಲಿ ಉಳಿಯಲೇಬೇಕಾದ ಒತ್ತಡ) ಕಳೆಯಬೇಕು. ನೀರು ಜಾಸ್ತಿಯಾದರೆ ಆ ಅಂಕಿಯೂ ಏರುತ್ತದೆ. ಕೊನೆಗೆ 5–6 ಮೀಟರ್ ಉಳಿದರೆ ಪುಣ್ಯ. ಒತ್ತಡ ಸಾಲದೆ, ಪಂಪಿನೊಳಗೆ ಜಲ್ಲಿ ಹಾಕಿ ತಿರುಗಿಸಿದಂತೆ ಸದ್ದು ಬಂದರೆ ಇಂಪೆಲ್ಲರ್ (ಒಳಗೆ ತಿರುಗುವ ಚಕ್ರ) ಸವೆಯುತ್ತಿದೆ ಎಂದೇ ತಿಳಿಯಿರಿ. ಪಂಪನ್ನು ಕೆಳಗಿಳಿಸಿ, ಇಲ್ಲವೇ ನೀರೊಳಗೇ ಮುಳುಗಿಸುವ ಓಪನ್‌ವೆಲ್ ಸಬ್‌ಮರ್ಸಿಬಲ್ ತನ್ನಿ.