ಮಗಳು ಕೆನಡಾದವಳಾಗುವ ದಿನ

ಸಕಲೇಶಪುರ ಕಡೆಯ ಹಿರಿಯ ಓದುಗರೊಬ್ಬರು ಐದು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಹನ್ನೆರಡು ಎಕರೆ ಕಾಫಿ ತೋಟ, ಒಬ್ಬಳೇ ಮಗಳು. ಅವಳು ಗಂಡನ ಜೊತೆ ಟೊರಾಂಟೊಗೆ ಹೋಗಿ ಒಂಬತ್ತು ವರ್ಷ. ಬರುವ ಏಪ್ರಿಲ್‌ನಲ್ಲಿ ಅಲ್ಲಿನ ಪೌರತ್ವದ ಪ್ರಮಾಣ ತೆಗೆದುಕೊಳ್ಳುತ್ತಾಳೆ. ಅವರ ಮಾತಿನಲ್ಲೇ ಹೇಳುವುದಾದರೆ: "ಬರೀ ಒಂದು ಕಾಗದ ಅಪ್ಪಾ ಅಂತಾಳೆ. ಮದುವೆ ಮಾಡಿ ಕಳಿಸುವಾಗ ನಾನು ಅಳಲಿಲ್ಲ, ಈಗ ಅಳು ಬಂತು. ಇಂಗ್ಲೆಂಡಿನ ರಾಜನಿಗೆ ನಿಷ್ಠಳಾಗಿರುತ್ತೇನೆ ಅಂತ ನನ್ನ ಮಗಳು ಹೇಳಬೇಕಂತೆ. ಇದು ದೇಶ ಬಿಟ್ಟ ಹಾಗಲ್ಲವೇ? ತೋಟವನ್ನು ಈಗಲೇ ಅವಳ ಹೆಸರಿಗೆ ದಾನಪತ್ರ ಮಾಡಿಬಿಡಲೇ? ವಿಡಿಯೋದಲ್ಲಿ ನೋಡು ಅಂತ ಕರೆದಳು. ಆ ದಿನ ಕರೆಂಟ್ ಇರಲ್ಲ ಅಂದುಬಿಟ್ಟೆ."

ಯಜಮಾನರೇ,

ಮೊದಲು ರಾಜನ ವಿಷಯ ಮುಗಿಸಿಬಿಡೋಣ. ಪ್ರಮಾಣದಲ್ಲಿ ಮೂರನೇ ಚಾರ್ಲ್ಸ್ ಹೆಸರು ಬರುವುದು ನಿಜ. ಆದರೆ ಕೆನಡಾದ ರಾಜ ಅಂತ, ಇಂಗ್ಲೆಂಡಿನ ರಾಜ ಅಂತ ಅಲ್ಲ. ಅಲ್ಲಿನ ಮೂಲನಿವಾಸಿಗಳ ಹಕ್ಕನ್ನು ಒಪ್ಪುವ ಸಂವಿಧಾನದಂತೆ ನಡೆಯುತ್ತೇನೆ ಎಂಬ ಮಾತನ್ನೂ 2021ರಲ್ಲಿ ಸೇರಿಸಿದ್ದಾರೆ. ಅಷ್ಟಕ್ಕೂ ನಮ್ಮ ಸಕಲೇಶಪುರದ ಮಂಜರಾಬಾದ್ ಸೀಮೆಯಲ್ಲಿ ಬ್ರಿಟಿಷರು ಮಾಡಿದ ತೋಟವನ್ನು ದೊರೆ ತೋಟ ಅಂದರೆ ಯಾರಿಗೂ ಬೇಸರವಿಲ್ಲ. ಆ ದೊರೆಗಳೂ ಹತ್ತೊಂಬತ್ತನೇ ಶತಮಾನದಲ್ಲಿ ಅಪ್ಪ ಅಮ್ಮನ್ನ ಬಿಟ್ಟು ಹಡಗು ಹತ್ತಿದ ಹುಡುಗರೇ. ನಿಮ್ಮ ತೋಟದ ಕೆಲಸಗಾರರ ಲೈನ್ ಮನೆಯಲ್ಲಿ ಈಗ ಇರುವವರು ಅಸ್ಸಾಂನವರು ಅಂತ ನೀವೇ ಬರೆದಿದ್ದೀರಿ. ಅವರ ಅಪ್ಪಂದಿರೂ ಯಾವುದೋ ಪತ್ರಿಕೆಗೆ ಕಾಗದ ಬರೆಯುತ್ತಿರಬಹುದು.

ಇನ್ನು ದೇಶ ಬಿಡುವ ಮಾತು. ಭಾರತವನ್ನು ಬಿಡು ಅಂತ ಕೆನಡಾ ಅವಳನ್ನು ಕೇಳುತ್ತಿಲ್ಲ. ಅವರಿಗೆ ಎರಡು ದೇಶದ ಪೌರತ್ವ ಇದ್ದರೂ ಅಡ್ಡಿಯಿಲ್ಲ. ಅಡ್ಡಿ ನಮ್ಮದು. ತಾನಾಗಿ ಬೇರೆ ದೇಶದ ಪೌರತ್ವ ಪಡೆದವರು ಭಾರತದ ಪೌರರಾಗಿ ಉಳಿಯುವುದಿಲ್ಲ ಎನ್ನುತ್ತದೆ ನಮ್ಮ 1955ರ ಪೌರತ್ವ ಕಾಯ್ದೆ. ಅದು ಸರಿಯೋ ತಪ್ಪೋ ಬೇರೆ ಚರ್ಚೆ. ಆದರೆ ಎರಡರಲ್ಲಿ ಒಂದನ್ನು ಆರಿಸು ಅಂತ ಅವಳನ್ನು ಕೂರಿಸಿದ್ದು ನಾವೇ ಅಲ್ವಾ?

"ಬರೀ ಕಾಗದ" ಎಂಬ ಅವಳ ಮಾತನ್ನೂ ನಾನು ಒಪ್ಪುವುದಿಲ್ಲ. ವೋಟು ಹೋಗುತ್ತದೆ. ಅದು ನಿಜವಾದ ನಷ್ಟ. ಭಾರತದ ಪಾಸ್‌ಪೋರ್ಟ್ ಇರುವತನಕ ಇಲ್ಲಿಗೆ ಬಂದು ಮತ ಹಾಕಬಹುದಿತ್ತು. (ಒಂಬತ್ತು ವರ್ಷದಲ್ಲಿ ಎಷ್ಟು ಸಲ ಬಂದು ಹಾಕಿದಳು ಅಂತ ಕೇಳಬೇಡಿ, ಜಗಳ ಆಗುತ್ತದೆ.)

ನೀವು ಗಮನಿಸದ ಒಂದು ಸಂಗತಿ ಇದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಅವಳ ಹತ್ತಿರ ಈಗಿರುವುದು ಪಿಆರ್, ಅಂದರೆ ಕಾಯಂ ವಾಸದ ಪರವಾನಗಿ. ಅದು ಉಳಿಯಬೇಕಾದರೆ ಪ್ರತಿ ಐದು ವರ್ಷದಲ್ಲಿ 730 ದಿನ ಅಲ್ಲಿರಬೇಕು. ನಿಮ್ಮಿಬ್ಬರಲ್ಲಿ ಒಬ್ಬರು ಹಾಸಿಗೆ ಹಿಡಿದರು ಅನ್ನಿ. ಬಿಡ್ತು ಅನ್ನಿ, ಸುಮ್ನೆ ಮಾತಿಗೆ. ಅವಳು ಬಂದು ನಾಲ್ಕು ವರ್ಷ ಇಲ್ಲೇ ಕೂತರೆ ಆ ಪರವಾನಗಿಗೆ ಕುತ್ತು. ಪೌರತ್ವ ಸಿಕ್ಕಮೇಲೆ ಆ ದಿನದ ಲೆಕ್ಕವೇ ಇಲ್ಲ. ಇತ್ತ ಒಸಿಐ ಕಾರ್ಡ್, ಅಂದರೆ ಭಾರತ ಮೂಲದ ವಿದೇಶಿ ಪೌರರಿಗೆ ನಮ್ಮ ಸರ್ಕಾರ ಕೊಡುವ ಕಾರ್ಡ್, ಮಾಡಿಸಿಕೊಂಡರೆ ಭಾರತಕ್ಕೆ ಬರಲು ಜೀವನಪೂರ್ತಿ ವೀಸಾ ಬೇಡ. ಬಂದು ಎಷ್ಟು ದಿನ ಬೇಕಾದರೂ ಇರಬಹುದು. ಯಾವುದನ್ನು ನೀವು ಬಾಗಿಲು ಹಾಕಿಕೊಳ್ಳುವುದು ಅಂದುಕೊಂಡಿರೋ, ಬರಬೇಕು ಅನಿಸಿದಾಗ ಅವಳು ಧೈರ್ಯವಾಗಿ ಬರಲು ಅದೇ ದಾರಿ. ಬಂದೇ ಬರುತ್ತಾಳೆ ಅಂತ ನಾನು ಹೇಳುತ್ತಿಲ್ಲ.

ಒಂದು ಎಚ್ಚರಿಕೆ. ಪ್ರಮಾಣ ಆದಮೇಲೆ ಹಳೆಯ ಪಾಸ್‌ಪೋರ್ಟ್ ಹಿಡಿದು ವಿಮಾನ ಹತ್ತುವಂತಿಲ್ಲ. ಅದನ್ನು ಒಪ್ಪಿಸಬೇಕು, ಇಲ್ಲದಿದ್ದರೆ ದಂಡ. ಒಸಿಐ ಕೈಗೆ ಬರುವತನಕ ವೀಸಾ ಬೇಕು. ಮನೆಯ ಶುಭಕಾರ್ಯಗಳನ್ನು ಆ ಮಧ್ಯೆ ಇಟ್ಟುಕೊಳ್ಳಬೇಡಿ.

ಈಗ ತೋಟ. ದಾನಪತ್ರ ಬೇಡ. ವಿದೇಶದಲ್ಲಿ ನೆಲೆಸಿದವರು ಇಲ್ಲಿ ಕೃಷಿ ಜಮೀನನ್ನಾಗಲಿ ಪ್ಲಾಂಟೇಶನ್ನನ್ನಾಗಲಿ ಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತೆಯೂ ಇಲ್ಲ. ಈ ಕಟ್ಟು ಏಪ್ರಿಲ್‌ನಲ್ಲಿ ಹೊಸದಾಗಿ ಬರುವುದಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಅಲ್ಲಿ ನೆಲೆಸಿದವರಿಗೂ ಇದೆ, ಹಾಗಾಗಿ ನಿಮ್ಮ ಮಗಳಿಗೆ ಇವತ್ತೂ ಇದೆ. ಆದರೆ ನಿಮ್ಮ ನಂತರ ವಾರಸುದಾರಳಾಗಿ ಬರುವ ತೋಟವನ್ನು ಯಾರೂ ತಡೆಯುವುದಿಲ್ಲ, ಅವಳು ಕೆನಡಾದ ಪೌರಳಾದರೂ. ಆದ್ದರಿಂದ ವಿಲ್ ಬರೆಯಿರಿ, ನೋಂದಣಿ ಮಾಡಿಸಿ. ಮುಂದೆ ಅವಳು ಮಾರಿದರೆ ಇಲ್ಲೇ ವಾಸವಿರುವ ಭಾರತೀಯರಿಗೇ ಮಾರಬೇಕು. ತೋಟ ನಿಮ್ಮ ಸ್ವಂತ ಸಂಪಾದನೆಯೋ ಪಿತ್ರಾರ್ಜಿತವೋ ಎನ್ನುವುದರ ಮೇಲೆ ಬರವಣಿಗೆ ಬದಲಾಗುತ್ತದೆ. ಒಳ್ಳೆಯ ವಕೀಲರಿಗೆ ಪಹಣಿ ತೋರಿಸಿ.

ನಿಮ್ಮ ಐದು ಪುಟದಲ್ಲಿ ರೋಬಸ್ಟಾ ರೇಟು ಇದೆ. ಆನೆ ಬಂದು ಬೈನೆ ಮರ ಬೀಳಿಸಿದ್ದು ಇದೆ. ಕಣದಲ್ಲಿ ಹರಡಿದ್ದ ಕಾಫಿ ಅಕಾಲದ ಮಳೆಗೆ ನೆಂದಿದ್ದೂ ಇದೆ. ಈ ತೋಟ ನಿನಗೆ ಬೇಕಾ ಅಂತ ಮಗಳನ್ನು ಕೇಳಿದ್ದು ಮಾತ್ರ ಎಲ್ಲೂ ಇಲ್ಲ. ಬೇಡ ಅಂದುಬಿಟ್ಟರೆ ಎನ್ನುವ ಭಯವೇ? ನನಗೆ ಹಾಗನ್ನಿಸಿತು. ತಪ್ಪಾಗಿದ್ದರೆ ಬೈದು ಕಾಗದ ಬರೆಯಿರಿ, ಅದನ್ನೂ ಹಾಕುತ್ತೇವೆ. ಆದರೆ ಕೇಳಿ. ಬೇಡ ಅಂದರೆ ಈಗಲೇ ಗೊತ್ತಾಗುವುದು ಒಳ್ಳೆಯದು. ನಾಲ್ಕು ಎಕರೆ ಇಟ್ಟುಕೊಂಡು ಉಳಿದದ್ದನ್ನು ಕೈಕಾಲು ಗಟ್ಟಿ ಇರುವಾಗಲೇ ನೀವೇ ಮಾರಬಹುದು. ಬೇಕು ಅಂದರೆ ಬೌಂಡರಿ ಕಲ್ಲು ಎಲ್ಲಿವೆ, ತೋಟದ ಲೆಕ್ಕ ಬರೆಯುವ ರೈಟರ್ ಯಾರು, ಯಾರಿಗೆ ಎಷ್ಟು ಅಡ್ವಾನ್ಸ್ ಕೊಟ್ಟಿದ್ದೀರಿ ಅಂತ ಅವಳಿಗೆ ಹೇಳಿಕೊಡಬೇಕು. ಆ ಲೆಕ್ಕವೆಲ್ಲ ನಿಮ್ಮ ತಲೆಯಲ್ಲಿದೆ, ಯಾವ ಪುಸ್ತಕದಲ್ಲೂ ಇಲ್ಲ ಅಂತ ನನ್ನ ಅನುಮಾನ.

ಕರೆಂಟ್ ಇರಲ್ಲ ಅಂದಿರಲ್ಲ, ಪೂರ್ತಿ ಸುಳ್ಳೂ ಅಲ್ಲ. ಏಪ್ರಿಲ್‌ನಲ್ಲಿ ನಾಲ್ಕು ಗುಡುಗು ಗುಡುಗಿದರೆ ನಿಮ್ಮ ಕಡೆ ಲೈನ್ ಹೋಗಿಯೇ ಹೋಗುತ್ತದೆ. ಆಗ ಅಲ್ಲಿನ ಬೆಳಿಗ್ಗೆ ಹತ್ತು ಅಂದರೆ ನಮಗೆ ಸಂಜೆ ಏಳೂವರೆ. ಮಧ್ಯಾಹ್ನವೇ ಯುಪಿಎಸ್ ಚಾರ್ಜ್ ಮಾಡಿಟ್ಟುಕೊಳ್ಳಿ. ಮನೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ರಾಜನ ಹೆಸರು ಬಂದಾಗ ಬೇಕಾದರೆ ಎದ್ದುಹೋಗಿ ಒಂದು ಲೋಟ ನೀರು ಕುಡಿದು ಬನ್ನಿ.

— ಸಂಪಾದಕ