ಆರು ಹೆಸರು, ಮೂವರು ಮಂತ್ರಿಗಳು: ಒಬ್ಬ ಲೇಖಕರಿಗೆ ಉತ್ತರ

ಪ್ರಿಯ ಲೇಖಕರೇ,

ಲೆಬನಾನಿನ 1988ರ ಸೇನಾ ಸರ್ಕಾರದ ಬಗ್ಗೆ ನೀವು ಕಳಿಸಿದ ‘ಆರು ಜನರಲ್‌ಗಳ ಆಳ್ವಿಕೆ’ ಓದಿದೆವು. ಈಗಿರುವಂತೆ ಹಾಕಲು ಬರುವುದಿಲ್ಲ. ಭಾಷೆಗೇನೂ ಕೊರತೆಯಿಲ್ಲ, ತೊಡಕಿರುವುದು ಕೊನೆಯ ಪಟ್ಟಿಯಲ್ಲಿ. ಆರು ಹೆಸರು ಕೊಟ್ಟು, ಆರರ ಮುಂದೆಯೂ ‘22 ಸೆಪ್ಟೆಂಬರ್ 1988ರಿಂದ 13 ಅಕ್ಟೋಬರ್ 1990’ ಎಂದು ಹಾಕಿದ್ದೀರಿ. ಅದರಲ್ಲಿ ಮೂರು ಸಾಲು ತಪ್ಪು.

ಅಧ್ಯಕ್ಷ ಅಮೀನ್ ಜೆಮಾಯೆಲ್ ಅವಧಿ 1988ರ ಸೆಪ್ಟೆಂಬರ್ 22ರ ಮಧ್ಯರಾತ್ರಿಗೆ ಮುಗಿಯುವುದಿತ್ತು. ಕೋರಂ ಇಲ್ಲದೆ ಸಂಸತ್ತಿಗೆ ಹೊಸ ಅಧ್ಯಕ್ಷರನ್ನು ಆರಿಸಲಾಗಿರಲಿಲ್ಲ. ಕೆಲವೇ ನಿಮಿಷ ಉಳಿದಿರುವಾಗ ಜೆಮಾಯೆಲ್, ಸೇನಾ ಮುಖ್ಯಸ್ಥ ಮಿಶೆಲ್ ಔನ್ ನೇತೃತ್ವದಲ್ಲಿ ಸೇನಾ ಮಂಡಳಿಯ ಆರೂ ಸದಸ್ಯರ ಸರ್ಕಾರ ನೇಮಿಸಿದರು. (ಹಾಗಾಗಿ ‘ಸೈನ್ಯ ದಂಗೆಯೆದ್ದು ಗದ್ದುಗೆ ಹಿಡಿಯಿತು’ ಎಂಬ ನಿಮ್ಮ ಸಾಲು ನಿಲ್ಲುವುದಿಲ್ಲ.) ಮಂಡಳಿಯಲ್ಲಿ ಪಂಗಡಕ್ಕೊಬ್ಬರು: ಔನ್ ಮರೋನೈಟ್ (ಲೆಬನಾನಿನ ಒಂದು ಕ್ರೈಸ್ತ ಪಂಗಡ), ಇಸಾಮ್ ಅಬು ಜಮ್ರಾ ಗ್ರೀಕ್ ಆರ್ಥೊಡಾಕ್ಸ್, ಎಡ್ಗರ್ ಮಾಲೂಫ್ ಗ್ರೀಕ್ ಕ್ಯಾಥೊಲಿಕ್, ನಬೀಲ್ ಕುರೈತಮ್ ಸುನ್ನಿ, ಲುತ್ಫಿ ಜಾಬರ್ ಶಿಯಾ, ಮಹಮೂದ್ ಅಬು ದರ್ಗಮ್ ದ್ರೂಜ್ (ಶಿಯಾ ಇಸ್ಲಾಮಿನಿಂದ ಕವಲೊಡೆದ ಪಂಗಡ). ಕೊನೆಯ ಮೂವರು ಕೂಡಲೇ ಒಲ್ಲೆ ಎಂದರು. ಖಾತೆಗಳನ್ನೆಲ್ಲ ಉಳಿದ ಮೂವರೇ ಹಂಚಿಕೊಂಡರು.

ಹಾಗೆಂದು ಆ ಮೂರು ಹೆಸರನ್ನು ಅಳಿಸಿಬಿಡಬೇಡಿ. ಆದೇಶದಲ್ಲಿ ಆರು ಹೆಸರಿದ್ದದ್ದು ನಿಜ. ಅರ್ಧದಷ್ಟು ಮಂದಿ ಬಾರದ ಸರ್ಕಾರ ಸಿಂಧುವೇ ಎಂಬ ಜಗಳವೂ ನಿಜ. ಪಟ್ಟಿಗೆ ನಾಲ್ಕು ಕಾಲಂ ಹಾಕಿ: ಆದೇಶದಲ್ಲಿ ಹೆಸರು, ಒಪ್ಪಿಗೆ, ಖಾತೆ, ಬಿಟ್ಟ ದಿನ. ನಿರಾಕರಿಸಿದವರಿಗೆ ಮೊದಲನೆಯದನ್ನು ತುಂಬಿ, ಎರಡನೆಯದರಲ್ಲಿ ‘ಇಲ್ಲ’ ಎಂದು ಬರೆದು, ಉಳಿದೆರಡಕ್ಕೆ ಗೆರೆ ಎಳೆಯಿರಿ. ‘ರಾಜೀನಾಮೆ ಕೊಟ್ಟರು’ ಎಂಬ ಮಾತು ಬೇಡ, ಅಧಿಕಾರ ವಹಿಸಿಕೊಂಡವರಷ್ಟೇ ರಾಜೀನಾಮೆ ಕೊಡಬಲ್ಲರು. ತರಾತುರಿಯ ಸರ್ಕಾರಗಳಲ್ಲಿ ಈ ಎಡವಟ್ಟು ಆಗುವುದೇ ಹೀಗೆ: ನೇಮಕಕ್ಕೆ ಆದೇಶದ ಪ್ರತಿ ಇರುತ್ತದೆ, ನಿರಾಕರಣೆಗೆ ಅಂಥ ಕಾಗದ ಇರಲೇಬೇಕೆಂದಿಲ್ಲ. ಅನುಮಾನ ಬಂದರೆ ಮುಂದಿನ ತಿಂಗಳುಗಳ ಆದೇಶಗಳಿಗೆ ಯಾರ ಸಹಿ ಬಿದ್ದಿದೆ ನೋಡಿ.

ಮೂವರೂ ‘ಹೆದರಿ ಹಿಂದೆ ಸರಿದರು’ ಎಂದಿದ್ದೀರಿ. ಆಧಾರ ಎಲ್ಲಿದೆ? 1943ರ ರಾಷ್ಟ್ರೀಯ ಒಪ್ಪಂದದ ಪ್ರಕಾರ ಪ್ರಧಾನಿ ಪಟ್ಟ ಸುನ್ನಿಗಳದು. ಅಲ್ಲಿ ಮರೋನೈಟ್ ಒಬ್ಬರನ್ನು ಕೂರಿಸಿದ್ದೇ ದೊಡ್ಡ ಆಕ್ಷೇಪವಾಗಿತ್ತು. ಆ ಹಿನ್ನೆಲೆ ಕೊಡಿ, ಅವರ ಮನಸ್ಸಿನೊಳಗೆ ಹೊಕ್ಕು ಬರೆಯಬೇಡಿ.

ನಿಮ್ಮ ಲೇಖನದಲ್ಲಿ ಸಲೀಮ್ ಅಲ್-ಹೊಸ್ ಹೆಸರೇ ಇಲ್ಲ! 1987ರ ಜೂನ್ 1ರಂದು ಪ್ರಧಾನಿ ರಶೀದ್ ಕರಾಮಿ ಹತ್ಯೆಯಾದ ಮೇಲೆ ಹಂಗಾಮಿ ಪ್ರಧಾನಿಯಾದವರು ಇವರು. ಪಶ್ಚಿಮ ಬೈರೂತಿನಲ್ಲಿ ಇವರ ಸಂಪುಟ, ಬಾಬ್ದಾದ ಅಧ್ಯಕ್ಷೀಯ ಅರಮನೆಯಲ್ಲಿ ಔನ್, ಹೀಗೆ ಎರಡು ಸರ್ಕಾರ. ಹತ್ಯೆಗೆ ಮುನ್ನವೇ ಕರಾಮಿ ರಾಜೀನಾಮೆ ಘೋಷಿಸಿದ್ದರಿಂದ ಹೊಸ್ ಸಂಪುಟಕ್ಕೆ ಬಲವಿಲ್ಲ ಎಂಬುದು ಔನ್ ಕಡೆಯ ವಾದ. ಯಾವುದು ‘ಕಾನೂನುಬದ್ಧ’ ಎಂದು ತೀರ್ಪು ಕೊಡುವ ಬದಲು, ಯಾರು ಹಾಗೆಂದರು ಎಂದು ಬರೆಯಿರಿ.

ಮುಕ್ತಾಯದ ದಿನವೂ ಅಷ್ಟು ಸಲೀಸಲ್ಲ. ಲೆಬನಾನಿನ ಅಂತರ್ಯುದ್ಧ ಮುಗಿಸಲು ಮಾಡಿಕೊಂಡ ತಾಯಿಫ್ ಒಪ್ಪಂದದ ನಂತರ, 1989ರ ನವೆಂಬರ್ 5ರಂದು ರೆನೆ ಮುಅವ್ವದ್ ಅಧ್ಯಕ್ಷರಾದರು. 22ರಂದು ಅವರ ಹತ್ಯೆಯಾಯಿತು, 24ಕ್ಕೆ ಇಲ್ಯಾಸ್ ಹ್ರಾವಿ ಬಂದರು. ಔನ್ ಇಬ್ಬರನ್ನೂ ಒಪ್ಪಲಿಲ್ಲ. 13 ಅಕ್ಟೋಬರ್ 1990 ಎಂಬುದು ಅವರು ಫ್ರೆಂಚ್ ರಾಯಭಾರ ಕಚೇರಿಗೆ ಹೋಗಿ ಸೇರಿದ ದಿನ. ಪಟ್ಟಿಯಲ್ಲಿ ಅದೇ ಇರಲಿ, ಆದರೆ ಕೆಳಗೆ ಒಂದು ಸಾಲಿನ ವಿವರಣೆ ಬೇಕು.

‘ಲೆಬನಾನಿನಲ್ಲಿ ಸೇನಾಧಿಕಾರಿ ಪ್ರಧಾನಿಯಾದದ್ದು ಇದೇ ಮೊದಲು’ ಎಂಬುದನ್ನು ತೆಗೆಯಿರಿ. 1952ರ ಸೆಪ್ಟೆಂಬರ್ 18ರಂದು ಅಧ್ಯಕ್ಷ ಬಿಶಾರಾ ಅಲ್-ಖೂರಿ ಕೆಳಗಿಳಿಯುವಾಗ ಸೇನಾ ಮುಖ್ಯಸ್ಥ ಫುಆದ್ ಶಿಹಾಬ್ ಅವರಿಗೇ ಸರ್ಕಾರ ಒಪ್ಪಿಸಿದ್ದರು. ಅವರೂ ಮರೋನೈಟ್, ಜತೆಗಿದ್ದವರು ಇಬ್ಬರು ನಾಗರಿಕರು, ನಾಜಿಮ್ ಅಕ್ಕಾರಿ ಮತ್ತು ಬಾಸಿಲ್ ತ್ರಾದ್. ಐದೇ ದಿನದಲ್ಲಿ ಕಮೀಲ್ ಶಮೂನ್ ಅಧ್ಯಕ್ಷರಾಗಿ ಆಯ್ಕೆಯಾದರು. ಔನ್ ಸರ್ಕಾರವೂ ಹೀಗೆ ತಾತ್ಕಾಲಿಕ ಏರ್ಪಾಡೆಂದೇ ಹುಟ್ಟಿತ್ತು. ನಿಮ್ಮ ಪೀಠಿಕೆಯ ಯುದ್ಧವರ್ಣನೆ ಕಿತ್ತು ಈ ಹೋಲಿಕೆಯಿಂದ ಶುರುಮಾಡಿ.

ಒಂದೇ ಹೆಸರು ಪುಟಕ್ಕೊಂದು ಬಗೆಯಾಗಿದೆ: ‘ಅಬು ಜಮ್ರಾ’, ‘ಅಬೌ ಜಮ್ರ’, ‘ಜಾಮ್ರಾ’. ಓದುಗರು ಮೂವರೆಂದುಕೊಳ್ಳುತ್ತಾರೆ. ಒಂದೇ ರೂಪಕ್ಕೆ ಅಂಟಿಕೊಳ್ಳಿ. ತಿದ್ದಿದ ಪ್ರತಿ 1,200 ಪದದೊಳಗಿರಲಿ, ಶೀರ್ಷಿಕೆಯಿಂದ ‘ಆರು’ ಹೋಗಲಿ.

— ಸಂಪಾದಕ