ಹಳೆ ಜೀಪಿನ 5.38 ಕ್ರೌನ್-ಪಿನಿಯನ್ ತೆಗೆದು 4.27 ಹಾಕಿಸಿದರೆ ಸ್ಪೀಡು, ಮೈಲೇಜು ಎರಡೂ ಸಿಗುತ್ತಾ?

ನಾನೂ ಇದನ್ನೇ ಮಾಡಿಸಿದವನು. ಕ್ರೌನ್-ಪಿನಿಯನ್ ಅಂದರೆ ಆಕ್ಸಲ್ ಒಳಗೆ ಶಾಫ್ಟಿನ ತಿರುಗುವಿಕೆಯನ್ನು ಚಕ್ರಗಳಿಗೆ ದಾಟಿಸೋ ಗೇರ್ ಜೋಡಿ; 5.38 ಅಂದರೆ ಚಕ್ರ ಒಂದು ಸುತ್ತು ತಿರುಗೋಕೆ ಶಾಫ್ಟ್ 5.38 ಸುತ್ತಬೇಕು. 60ಕ್ಕೇ ಇಂಜಿನ್ ಕಿರುಚುತ್ತೆ ಅಂತ ಹಿಂದಿನ ಆಕ್ಸಲ್ಲಿಗೆ 4.27 ಹಾಕಿಸಿದೆ. "ಫೋರ್‌ವೀಲ್ ಎಷ್ಟು ಸಲ ಹಾಕ್ತೀರಿ ಸಾರ್, ಮುಂದಿನದು ಹಾಗೇ ಇರ್ಲಿ" ಅಂದರು ಮೆಕ್ಯಾನಿಕ್. ಒಪ್ಪಿದೆ. ಕೆಟ್ಟಿದ್ದು ಅಲ್ಲೇ.

ಇದನ್ನು ಬಿಡಿಸಿ ಹೇಳಲೇಬೇಕು. ಫೋರ್‌ವೀಲ್ ಹಾಕಿದ ತಕ್ಷಣ ಟ್ರಾನ್ಸ್‌ಫರ್ ಕೇಸ್ (ಗೇರ್‌ಬಾಕ್ಸಿನ ಶಕ್ತಿಯನ್ನು ಎರಡೂ ಆಕ್ಸಲ್ಲಿಗೆ ಹಂಚೋ ಪೆಟ್ಟಿಗೆ) ಮುಂದಿನ, ಹಿಂದಿನ ಆಕ್ಸಲ್ಲಿಗೆ ಹೋಗೋ ಪ್ರೊಪೆಲ್ಲರ್ ಶಾಫ್ಟ್‌ಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತೆ, ಎರಡೂ ಒಂದೇ ವೇಗದಲ್ಲಿ ತಿರುಗಬೇಕು. ಆದರೆ ಚಕ್ರದ ಒಂದು ಸುತ್ತಿಗೆ ಮುಂದಿನ ಶಾಫ್ಟ್ 5.38 ಸುತ್ತಬೇಕು, ಹಿಂದಿನದು 4.27. ಸುಮಾರು 2.2 ಮೀಟರ್ ಹೋಗುವಷ್ಟರಲ್ಲಿ ಒಂದು ಸುತ್ತಿಗೂ ಮಿಕ್ಕ ವ್ಯತ್ಯಾಸ! ಕೆಸರಲ್ಲಿ ಟಯರು ಜಾರಿ ಸರಿಹೋಗುತ್ತೆ. ತೋಟದಿಂದ ಕಾಂಕ್ರೀಟ್ ರಸ್ತೆಗೆ ಹತ್ತಿದಾಗ ಜಾರೋಕೆ ಆಗಲಿಲ್ಲ, ಲಿವರ್ ಬಿಗಿದುಕೊಂಡು ಟೂವೀಲಿಗೆ ಬರಲೇ ಇಲ್ಲ. ಹತ್ತು ಮಾರು ಹೋಗುವಷ್ಟರಲ್ಲಿ ಮುಂದಿನ ಶಾಫ್ಟಿನ ಕ್ರಾಸ್ (ಶಾಫ್ಟಿನ ಕೀಲಿನಲ್ಲಿರೋ ಕೂಡುಭಾಗ) ಮುರಿಯಿತು, ಟ್ರಾನ್ಸ್‌ಫರ್ ಕೇಸಿನ ಗೇರ್ ಹಲ್ಲೂ ಹೋಯಿತು.

ಎರಡೂ ಆಕ್ಸಲ್ಲಿಗೆ 4.27 ಹಾಕಿಸಿದರೂ ಸ್ಪೀಡು, ಮೈಲೇಜು ಎರಡೂ ಸಿಗುತ್ತೆ ಅನ್ನೋ ಲೆಕ್ಕ ನಾನು ಒಪ್ಪೋದಿಲ್ಲ. 6.00-16 ಟಯರಿದ್ದು ಟಾಪ್ ಗೇರ್ 1:1 ಆದರೆ, 5.38ಕ್ಕೆ 60ರಲ್ಲಿ ಇಂಜಿನ್ ಸುಮಾರು 2450 ಆರ್‌ಪಿಎಂ ಓಡುತ್ತೆ. 4.27ಕ್ಕೆ ಅದು 1950. 60ರಲ್ಲೇ ಹೋದರೆ ಡೀಸೆಲ್ ಉಳಿಯುತ್ತೆ. ಆದರೆ 80ಕ್ಕೆ ಏರಿಸೋಕೆ ತಾನೇ ನೀವು ಹಾಕಿಸ್ತಿರೋದು? ಆ ಡಬ್ಬದಂಥ ಬಾಡಿಗೆ ಗಾಳಿಯ ತಡೆ ಮುಕ್ಕಾಲು ಪಾಲಿಗಿಂತ ಹೆಚ್ಚುತ್ತೆ, ಉಳಿದ ಡೀಸೆಲ್ ಅಲ್ಲಿಗೆ ಸುರಿಯುತ್ತೆ. ಜೊತೆಗೆ ಫಸ್ಟಿಂದ ಟಾಪ್‌ವರೆಗೆ ಪ್ರತಿ ಗೇರಿನಲ್ಲೂ ಐದರಲ್ಲೊಂದು ಪಾಲು ಎಳೆತ ಕಡಿಮೆ. ಘಾಟಿಯಲ್ಲಿ ಟಾಪ್ ಎಳೆಯದೆ ಥರ್ಡಿಗೆ ಇಳಿಸ್ತೀರಿ. ಲೋಡ್ ಇಟ್ಟುಕೊಂಡು ಏರಿನಲ್ಲಿ ರಿವರ್ಸ್ ಬಂದರೆ ಕ್ಲಚ್ ವಾಸನೆ ಬರುತ್ತೆ.

ಯುದ್ಧಕಾಲದ ವಿಲ್ಲಿಸ್ ಜೀಪಿಗೆ 4.88 ಇತ್ತು. 1945ರಲ್ಲಿ ರೈತರಿಗೆಂದು ಬಂದ ಸಿಜೆ-2ಎ ಜೀಪಿಗೆ 5.38 ಕೊಟ್ಟರು, ನೇಗಿಲು ಎಳೆಯಬೇಕಿತ್ತಲ್ಲ. ಅದು ತಪ್ಪು ಅನುಪಾತವಲ್ಲ, ಬೇರೆ ಕೆಲಸದ ಅನುಪಾತ.

ಹೈವೇ ಓಡಾಟ ಜಾಸ್ತಿಯಿದ್ದರೆ ಕ್ರೌನ್ ಮುಟ್ಟಬೇಡಿ, ಓವರ್‌ಡ್ರೈವ್ (ಇಂಜಿನ್‌ಗಿಂತ ಶಾಫ್ಟ್ ವೇಗವಾಗಿ ತಿರುಗೋ ಗೇರ್) ಇರೋ ಐದು ಗೇರಿನ ಬಾಕ್ಸ್ ಹಾಕಿಸಿ. ಐದನೇ ಗೇರ್ 0.8 ಇದ್ದರೆ 60ರಲ್ಲಿ ಅದೇ 1950 ಆರ್‌ಪಿಎಂ ಸಿಗುತ್ತೆ, ಆಕ್ಸಲ್ಲುಗಳ ಹೊಂದಾಣಿಕೆಯೂ ಕೆಡೋದಿಲ್ಲ. ಫಸ್ಟ್ ಗೇರಿನ ಅನುಪಾತ ಮಾತ್ರ ಹಳೆಯದಕ್ಕಿಂತ ಕಡಿಮೆ ಇರಬಾರದು. ಬಾಕ್ಸಿನ ಉದ್ದ ಬದಲಾದರೆ ಎರಡೂ ಶಾಫ್ಟ್ ಅಳತೆಗೆ ಮಾಡಿಸಬೇಕಾಗುತ್ತೆ.

ಏನೇ ಮಾಡಿಸುವ ಮೊದಲು ಎರಡೂ ಆಕ್ಸಲ್ ಪರೀಕ್ಷಿಸಿ, ಸೆಕೆಂಡ್‌ಹ್ಯಾಂಡ್ ಜೀಪುಗಳಲ್ಲಿ ಯಾರೋ ಏನೋ ಹಾಕಿರುತ್ತಾರೆ. ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ನ್ಯೂಟ್ರಲ್ಲಿಗೆ ಹಾಕಿ, ಒಂದು ಚಕ್ರ ಮಾತ್ರ ಜಾಕ್ ಎತ್ತಿ. ಮುಂದಿನ ಚಕ್ರವಾದರೆ ಹಬ್ (ಚಕ್ರವನ್ನು ಆಕ್ಸಲ್ಲಿಗೆ ಜೋಡಿಸೋ ಭಾಗ) ಲಾಕ್ ಆಗಿರಲಿ. ಶಾಫ್ಟಿಗೆ ಸೀಮೆಸುಣ್ಣದ ಗೆರೆ ಎಳೆದು ಚಕ್ರವನ್ನು ಎರಡು ಪೂರ್ತಿ ಸುತ್ತು ತಿರುಗಿಸಿ (ಇನ್ನೊಂದು ಬದಿಯ ಚಕ್ರ ನಿಂತಿರೋದರಿಂದ ಡಿಫರೆನ್ಷಿಯಲ್‌ನಲ್ಲಿ ಎರಡು ಸುತ್ತು ಒಂದರ ಲೆಕ್ಕ). ಶಾಫ್ಟ್ ಐದು ಸುತ್ತು ದಾಟಿ ಇನ್ನೂ ಮೂರನೇ ಒಂದು ಭಾಗ ಹೋದರೆ 5.38, ನಾಲ್ಕೂಕಾಲಿಗೆ ನಿಂತರೆ 4.27.